ಎದೆಯ ಮೇಲಣ ಚೌಕ

ಮೈತುಂಬ ಉಡುವುದು ಸೊಬಗಿಗೆ ವಿರೋಧವೆಂದು ಭಾವಿಸುವವರು, ಅಮೆರಿಕೆಗೆ ವಲಸೆ ಹೋದ ಪ್ಯಾಲೆಸ್ತೀನೀ ಸ್ತ್ರೀಯರು ತಮ್ಮ ಸಮುದಾಯದ ಸಮಾರಂಭಗಳಲ್ಲಿ ಧರಿಸಿ ಮೆರೆಯುವ ‘ಥೋಬ್’ ಎಂಬ ನೀಳುಡುಪನ್ನು ಒಮ್ಮೆ ಕಾಣಬೇಕು. ಸಡಿಲವಾಗಿ ಹಿಮ್ಮಡಿಯವರೆಗೆ ಇಳಿಯುವ ಆ ವಸ್ತ್ರದ ಎದೆಯ ಮೇಲೆ, ಕೆಂಪು ದಾರದ ಸಾಸಿವೆಯಷ್ಟು ಸಣ್ಣ ಕತ್ತರಿಹೊಲಿಗೆಗಳಿಂದ ಕಿಕ್ಕಿರಿದ ಚೌಕವೊಂದುಂಟು. ಬಟ್ಟೆ ಜೀರ್ಣವಾದರೂ ಕಸೂತಿ ಕೆಡದಿರಲು, ಗೃಹಿಣಿಯು ಆ ಚೌಕವನ್ನು ಜೋಪಾನವಾಗಿ ಬಿಡಿಸಿ ಹೊಸ ಉಡುಪಿಗೆ ಕೂಡಿಸಿಕೊಳ್ಳುತ್ತಿದ್ದಳು. ಸುಸ್ಥಿರತೆಯೆಂಬ ಶಬ್ದಾಡಂಬರಕ್ಕಿಂತ ಎಷ್ಟೋ ಹಳೆಯದು ಈ ಮಿತವ್ಯಯ! 2019ರ ಜನವರಿಯಲ್ಲಿ ಪ್ಯಾಲೆಸ್ತೀನೀ ಮೂಲದ ರಶೀದಾ ತ್ಲೈಬ್ ಅಮೆರಿಕದ ಪ್ರತಿನಿಧಿಸಭೆಯ ಸದಸ್ಯೆಯಾಗಿ ಪ್ರಮಾಣವಚನಕ್ಕೆ ಬಂದುದು ಥೋಬ್ ಧರಿಸಿಯೇ. 2021ರಲ್ಲಿ ಯುನೆಸ್ಕೋ ಈ ಕಸೂತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯ ಮಾತಿರಲಿ: ನೈಪುಣ್ಯವನ್ನು ಅಳೆಯುವ ಹಿರಿಯಳು ಮುಂಭಾಗಕ್ಕೆ ಮರುಳಾಗಳು, ಬಟ್ಟೆಯನ್ನು ಮಗುಚಿ, ಹಿಂಬದಿಯ ಎಳೆಗಳ ಮೇಲೆ ಬೆರಳಾಡಿಸುವಳು.