ಬದಲಿ ಕಂಠವೆಂಬ ಅಪವಾದ

ಹೊನ್ನಪ್ಪ ಭಾಗವತರ ಮಾತು ಬಂದಾಗಲೆಲ್ಲ ಬಲ್ಲವರೆನಿಸಿಕೊಂಡವರು ಹೇಳುವುದು ಒಂದೇ: ತಮಿಳಿನ ತ್ಯಾಗರಾಜ ಭಾಗವತರು 1944ರಲ್ಲಿ ಕೊಲೆ ಮೊಕದ್ದಮೆಯೊಂದರಲ್ಲಿ ಸಿಲುಕಿ ಸೆರೆಮನೆ ಸೇರದಿದ್ದರೆ ಇವರನ್ನು ಕೇಳುವವರಾರಿದ್ದರು? 'ಶ್ರೀ ಮುರುಗನ್' ಚಿತ್ರದಲ್ಲಿ ಆ ಮಹಾನುಭಾವರ ಸ್ಥಾನ ಇವರಿಗೆ ದೊರೆತದ್ದು ನಿಜವೇ. ಆದರೆ ಮಾಗಡಿಯ ಮಗ್ಗುಲಿನ ನೆಲಮಂಗಲ ಸೀಮೆಯ ಚೌಡಸಂದ್ರದಲ್ಲಿ 1915ರಲ್ಲಿ ಜನಿಸಿ, ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಗಾಯಕನಟನೊಬ್ಬನನ್ನು ಆ ಒಂದು ಕಾರಣಕ್ಕಾಗಿ ಬದಲಿ ಆಳಿನ ಪಟ್ಟಿಗೆ ಸೇರಿಸಿಬಿಡುವುದು ಶಾನುಭೋಗಿಕೆಯೇ ಹೊರತು ವಿಮರ್ಶೆಯಾಗದು.

ತ್ಯಾಗರಾಜ ಭಾಗವತರದು ಕೇಳುಗನನ್ನು ಬೆರಗುಗೊಳಿಸುವ ಶಾರೀರ. ತಾರಸ್ಥಾಯಿಗೆ ನೆಗೆದಾಗ ಪಾತ್ರ ಕೆಳಗೇ ಉಳಿದು, ಗಾಯಕನೊಬ್ಬನೇ ಮೇಲೇರುತ್ತಾನೆ. ಹೊನ್ನಪ್ಪನವರು ಏರುವಾಗ ಪಾತ್ರವನ್ನೂ ಕೈಹಿಡಿದು ಕರೆದೊಯ್ಯುತ್ತಾರೆ. ತಾವೇ ನಿರ್ಮಿಸಿ ನಾಯಕರಾಗಿ ನಟಿಸಿದ 1955ರ 'ಮಹಾಕವಿ ಕಾಳಿದಾಸ'ದಲ್ಲಿ ಕಾಳಿಯ ಕೃಪೆಗೆ ಮುಂಚಿನ ಹೆಡ್ಡನನ್ನೂ ಅನಂತರದ ಕವಿಯನ್ನೂ ಒಂದೇ ಕಂಠದ ಎರಡು ಅವಸ್ಥೆಗಳೆಂಬಂತೆ ನಡೆಸಿದ ಸಂಯಮವನ್ನು ನಾನು ಯಾವ ಸಂಗತಿ-ಬಿರ್ಕಾಗಳಿಗೂ ಬಿಟ್ಟುಕೊಡಲಾರೆ. ಪಕ್ಷಪಾತವೆಂದರೆ ಅಹುದು, ಪಕ್ಷಪಾತವೇ. ಚನ್ನಪಟ್ಟಣ ತಾಲ್ಲೂಕಿನ ದಶವಾರದ ಮೂಲದ ಬಿ. ಸರೋಜಾದೇವಿಯವರು ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದಲೇ. ಲೋಕ ಅದನ್ನು ನೆನೆಯುವುದೂ ಆಕೆಯ ನೆಪದಿಂದಲೇ ಎಂಬುದು ನನಗೆ ಸಣ್ಣದೊಂದು ಅಸಮಾಧಾನ.

ಹೊನ್ನಪ್ಪನವರ ಕಂಠದ ಮರ್ಮವನ್ನು ಅರಿಯಬೇಕಾದವರು ಧ್ವನಿಮುದ್ರಿಕೆಗಳನ್ನು ಬಿಟ್ಟು, ಸುಗ್ಗಿ ಮುಗಿದ ಮೇಲೆ ಕನಕಪುರದ ಅಥವಾ ರಾಮನಗರದ ಸುತ್ತಣ ಯಾವುದಾದರೂ ಹಳ್ಳಿಗೆ 'ಕುರುಕ್ಷೇತ್ರ' ನೋಡಲು ಹೋಗುವುದು ಲೇಸು. ಬಿ. ಪುಟ್ಟಸ್ವಾಮಯ್ಯನವರ ಲೇಖನಿಯಿಂದ ಹೊರಟು, 1934ರಲ್ಲಿ ಗುಬ್ಬಿ ವೀರಣ್ಣನವರು ಆನೆಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ ವೈಭವದ ನಂಟು ಅಲ್ಲಿ ಬಾಡಿಗೆಯ ಕಿರೀಟ, ಬಾಡಿಗೆಯ ಸೀನರಿಗಳಲ್ಲಿ ಇನ್ನೂ ಉಸಿರಾಡುತ್ತದೆ. ಪಾತ್ರಕ್ಕೆ ಇಂತಿಷ್ಟೆಂದು ಹಣ ತೆತ್ತು ದುರ್ಯೋಧನನಾಗುವ ರೈತನು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತಿರುತ್ತಾನೆ. ಶ್ರುತಿ ಎಟುಕದಾದಾಗ ಮೇಷ್ಟರು ಬೈದು ಒಂದು ಮನೆ ಇಳಿಸುತ್ತಾರೆ. ರಾತ್ರಿ ಮೂರು ಗಂಟೆಯ ವೇಳೆಗೆ ಆತ ಗದೆಯನ್ನು ನೆಲಕ್ಕೂರಿ, ತಾಳದ ಹಂಗಿಲ್ಲದ ಕಂದಪದ್ಯವೊಂದರ ಕೊನೆಯ ಅಕ್ಷರವನ್ನು ಉಸಿರಿರುವಷ್ಟೂ ಎಳೆದನೆಂದರೆ, ಚಾಪೆಯ ಮೇಲೆ ತೂಕಡಿಸುತ್ತಿದ್ದವರು ಎದ್ದು ಕುಳಿತು 'ಒನ್ಸ್ ಮೋರ್' ಎನ್ನುತ್ತಾರೆ. ಕುರುರಾಜನೂ ಸಂಕೋಚವಿಲ್ಲದೆ ಅದನ್ನೇ ಇನ್ನೊಮ್ಮೆ ಹಾಡುತ್ತಾನೆ.

ಇದನ್ನು ಕಂಡು ನಮ್ಮ ಬೆಂಗಳೂರಿನ ಹವ್ಯಾಸಿಗಳು, ಕಥೆ ನಿಂತುಹೋಯಿತು, ಸ್ವಾಭಾವಿಕತೆ ಹಾಳಾಯಿತು ಎಂದು ಮೂಗು ಮುರಿಯುತ್ತಾರೆ. ಇಟಲಿಯ ಆಪೆರಾದಲ್ಲಿ ಸಾಯುತ್ತಿರುವ ನಾಯಕಿ ಹಾಸಿಗೆಯ ಮೇಲೆಯೇ ದೀರ್ಘವಾಗಿ ಹಾಡಿದಾಗ, ಕರೂಸೋ ತಾರಸ್ವರವೊಂದನ್ನು ಹಿಡಿದು ನಿಂತಾಗ, ಈ ಸ್ವಾಭಾವಿಕತೆಯ ಚಿಂತೆ ಇವರನ್ನು ಬಾಧಿಸಿದಂತೆ ಕಾಣೆ. ಬಾಲಗಂಧರ್ವರ ನಾಟ್ಯಸಂಗೀತಕ್ಕೂ ಇವರ ತಲೆ ತಾನಾಗಿ ತೂಗುತ್ತದೆ. ಹಾಡುತ್ತಾ ನಟಿಸುವುದು ಪರನಾಡಿನವರಿಗಾದರೆ ಶಾಸ್ತ್ರ, ಪಕ್ಕದ ನಾಡಿನವರಿಗಾದರೆ ಪರಂಪರೆ, ನಮ್ಮವರಿಗೆ ಮಾತ್ರ ಕಂಪನಿ ನಾಟಕದ ಚಾಳಿ! 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ರಾಜಕುಮಾರರ ಬಿಜ್ಜಳನಿಗೆ ಎದುರಾಗಿ ಹೊನ್ನಪ್ಪನವರು ಬಸವಣ್ಣನಾಗಿ ನಿಂತರಷ್ಟೆ. ಮಾತಿನಲ್ಲೂ ಶ್ರುತಿ ತಪ್ಪದಿರುವುದನ್ನು ಆ ಇಬ್ಬರಿಗೂ ಕಲಿಸಿದ್ದು ಇವರು ಹಳಿಯುವ ಆ ಕಂಪನಿಗಳೇ.