ಬಾಳೆಗೊನೆ ಎಣಿಸುವ ಹಾಡು

ಕೆಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವದಲ್ಲಿ ಏಳನೇ ತರಗತಿಯ ಮಕ್ಕಳಿಂದ ‘ಡೇ-ಓ’ ಹಾಡಿಗೆ ಕುಣಿತ ಮಾಡಿಸಿದವಳು ನಾನೇ. ಬಣ್ಣದ ಲಂಗ, ಹುಲ್ಲಿನ ಟೋಪಿ, ರಟ್ಟಿನ ತೆಂಗಿನಮರ, ಹಿಂದೆ ನನ್ನದೇ ನೀಲಿ ಸೀರೆಯ ಸಮುದ್ರ. ಜನ ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ. ಈಗ ಆ ಫೋಟೋ ಕಂಡರೆ ಮುಜುಗರವಾಗುತ್ತದೆ.

ಹಾಡಿನಲ್ಲಿ ದೋಷವಿಲ್ಲ. ಹ್ಯಾರಿ ಬೆಲಫಾಂಟೆ 1956ರಲ್ಲಿ ಜಗತ್ತಿಗೇ ಕೇಳಿಸಿದ ಇದು ಜಮೈಕಾದ ಕೂಲಿಗಳ ಹಾಡು. ರಾತ್ರಿಯಿಡೀ ಹಡಗಿಗೆ ಬಾಳೆಗೊನೆ ಹೊತ್ತವರು, ಬೆಳಕು ಹರಿಯುವ ಹೊತ್ತಿಗೆ ಲೆಕ್ಕದವನನ್ನು ಕರೆದು, ಗೊನೆ ಎಣಿಸಿ ನಮ್ಮನ್ನು ಮನೆಗೆ ಕಳಿಸು ಎನ್ನುತ್ತಾರೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ಆರಂಭದ ಆ ನೀಳ ಕೂಗಿನ ಸುತ್ತ ವಾದ್ಯಗಳ ಗದ್ದಲವಿಲ್ಲ. ನಾನು ಅದನ್ನು ಸಮುದ್ರ ತೀರದ ಮೋಜಿನ ಹಾಡೆಂದು ತಿಳಿದು ಮಕ್ಕಳಿಗೆ ನಗುತ್ತಾ ಕುಣಿಯಲು ಹೇಳಿದ್ದೆ!

ಇನ್ನೊಂದು ಗೊಂದಲವೂ ಇತ್ತು. ಈ ಹಾಡಿರುವ ಧ್ವನಿಮುದ್ರಿಕೆಯ ಹೆಸರು ‘ಕ್ಯಾಲಿಪ್ಸೊ’. ಆದರೆ ಕ್ಯಾಲಿಪ್ಸೊ ಬೆಳೆದದ್ದು ಜಮೈಕಾದಿಂದ ಸಾವಿರ ಮೈಲಿಗೂ ಆಚೆಯ ಟ್ರಿನಿಡಾಡಿನಲ್ಲಿ. ಜಮೈಕಾದ ಹಳ್ಳಿಗಳದ್ದು ಮೆಂಟೊ. ಅದರಲ್ಲಿ ಬ್ಯಾಂಜೊ, ಗಿಟಾರಿನ ಜೊತೆಗೆ ‘ರುಂಬಾ ಬಾಕ್ಸ್’ ಎಂಬ ಮರದ ಪೆಟ್ಟಿಗೆ ಇರುತ್ತದೆ. ಅದರ ಮೇಲೆಯೇ ಕೂತು, ಮುಂದೆ ಜೋಡಿಸಿದ ಲೋಹದ ನಾಲಿಗೆಗಳನ್ನು ಮೀಟುತ್ತಾರೆ. ಕ್ಯಾಲಿಪ್ಸೊಗೆ ಮಾತೇ ಜೀವ. ಊರ ಸುದ್ದಿ, ರಾಜಕಾರಣ, ಗೇಲಿ ಎಲ್ಲವೂ ಅದರಲ್ಲಿ ಬರುತ್ತವೆ. 1971ರಲ್ಲಿ ಅಲ್ಲಿಗೆ ಹೋದ ನಮ್ಮ ತಂಡದಲ್ಲಿ ಪ್ರಸನ್ನ, ವಿಶ್ವನಾಥ್ ಇದ್ದರು. ಹೊಸ ಹುಡುಗ ಗವಾಸ್ಕರ್ ನಾಲ್ಕೇ ಟೆಸ್ಟುಗಳಲ್ಲಿ 774 ರನ್ ಹೊಡೆದ. ತಮ್ಮವರನ್ನು ಸೋಲಿಸಿದ ಆ ಹುಡುಗನನ್ನು ಹೊಗಳಿ ಟ್ರಿನಿಡಾಡಿನ ಲಾರ್ಡ್ ರಿಲೇಟರ್ ಹಾಡು ಕಟ್ಟಿದ. ಮಕ್ಕಳಿಗೆ ಕ್ಯಾಲಿಪ್ಸೊ ಪರಿಚಯಿಸಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ಆ ಕುಣಿತದ ಅಭ್ಯಾಸದ ವೇಳೆ ಒಬ್ಬ ಹುಡುಗಿ ಪುಸ್ತಕದ ಚಿತ್ರ ತೋರಿಸಿ, “ಇವರು ಯಾಕೆ ಮಿಸ್, ಡೋಲು ಬಿಟ್ಟು ಡ್ರಮ್ಮು ಬಡೀತಾರೆ?” ಎಂದು ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. ಗದರಿಸಿ ಕೂರಿಸಿದೆ, ಗೊತ್ತಿಲ್ಲದ್ದನ್ನು ಮುಚ್ಚಲು ನಮಗೆ ಗದರಿಕೆಯಷ್ಟು ಹತ್ತಿರದ್ದು ಬೇರೆ ಯಾವುದಿದೆ? ಉತ್ತರ ಓದಿದ್ದು ಆಮೇಲೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳು ಹಬ್ಬದ ರಾತ್ರಿ ಡೋಲು ಬಾರಿಸಿ ಮೆರವಣಿಗೆ ಹೊರಡುತ್ತಿದ್ದರು. 1881ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಪೊಲೀಸರಿಗೂ ಅವರಿಗೂ ಹೊಡೆದಾಟವಾಯಿತು. 1880ರ ದಶಕದಲ್ಲೇ ಬ್ರಿಟಿಷ್ ಸರ್ಕಾರ ಡೋಲಿಗೆ ನಿರ್ಬಂಧ ಹಾಕಿತು. ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ, ಕಸದ ತೊಟ್ಟಿಯ ಮುಚ್ಚಳ ಕೈಗೆ ಬಂದವು, ಆಮೇಲೆ ಎಣ್ಣೆಯ ಡ್ರಮ್ಮು. ಅದರ ತಳವನ್ನು ಬಟ್ಟಲಿನಂತೆ ತಗ್ಗಾಗುವವರೆಗೆ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಬಡಿದು ಶ್ರುತಿ ಮಾಡುತ್ತಾರೆ. ಜಾಗ ಅಗಲವಾದರೆ ಸ್ವರ ತಗ್ಗು, ಚಿಕ್ಕದಾದರೆ ಏರು. ಮಕ್ಕಳ ಪುಸ್ತಕಗಳು ಬಣ್ಣದ ಡಬ್ಬಕ್ಕೆ ಕಾಗದ ಅಂಟಿಸಿ ‘ನಿಮ್ಮದೇ ಸ್ಟೀಲ್ ಡ್ರಮ್’ ಮಾಡಿ ಎನ್ನುತ್ತವೆ. ಮಾಡಲಿ, ಕೈಗೆ ಕೆಲಸವಾಯಿತು. ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿಯುತ್ತದಲ್ಲ!

ಈ ವಾದ್ಯ ನುಡಿಸುವವರನ್ನು ಬಹುಕಾಲ ಪೋಲಿಗಳೆಂದೇ ಕರೆದರು, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. 1950ರ ದಶಕದ ಆರಂಭದಲ್ಲಿ ‘ಗರ್ಲ್ ಪ್ಯಾಟ್’ ಎಂಬ ಹೆಂಗಸರ ತಂಡ ಅದನ್ನೇ ಕೈಗೆತ್ತಿಕೊಂಡಿತು. 1992ರಲ್ಲಿ ಸ್ಟೀಲ್‌ಪ್ಯಾನ್ ಅಲ್ಲಿನ ರಾಷ್ಟ್ರೀಯ ವಾದ್ಯವಾಯಿತು.

ನಮ್ಮ ದೇಶದವರೂ ಆ ಸದ್ದಿನಲ್ಲಿದ್ದಾರೆ. 1845ರಿಂದ 1917ರವರೆಗೆ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ಹೋದವರಲ್ಲಿ ಹೆಚ್ಚಿನವರು ಭೋಜಪುರಿ ನಾಡಿನವರು. ಅವರ ಢೋಲಕ್, ಹಾರ್ಮೋನಿಯಂ ಜೊತೆ ಧಂಟಾಲ್ ಎಂಬ ಉದ್ದನೆಯ ಕಬ್ಬಿಣದ ಸರಳೂ ಇದೆ. ಲಾಳದಂತೆ ಬಾಗಿಸಿದ ತುಂಡಿನಿಂದ ಅದನ್ನು ಬಡಿಯುತ್ತಾರೆ. ತಾಸಾ ಡೋಲಿನ ಆಡಿನ ಚರ್ಮವನ್ನು, ನಮ್ಮವರು ತಮಟೆ ಕಾಯಿಸುವಂತೆ, ಬೆಂಕಿಯೆದುರು ಹಿಡಿದು ಬಿಗಿ ಮಾಡುತ್ತಾರೆ. ಇವರಿಂದ ಹುಟ್ಟಿದ ಸಂಗೀತದ ಹೆಸರು ಚಟ್ನಿ. ತರಗತಿಯಲ್ಲಿ ಇದನ್ನು ಹೇಳಿದರೆ ನಗು ನಿಲ್ಲಲು ಐದು ನಿಮಿಷ ಬೇಕು.

ಕಳೆದ ವರ್ಷ ‘ಡೇ-ಓ’ವನ್ನು ಮತ್ತೆ ಕೇಳಿಸಿದೆ. ಟೋಪಿಯಿಲ್ಲ, ಲಂಗವಿಲ್ಲ. ಕಣ್ಣು ಮುಚ್ಚಿ ಕೇಳಿ ಎಂದು ಅರ್ಥ ಹೇಳಿದೆ ಅಷ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ಅವಳ ತಾಯಿ ಸುಗ್ಗಿಯಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುವವಳು, ಕೂಲಿ ಡಬ್ಬದ ಲೆಕ್ಕದಲ್ಲಿ.

“ಆ ಲೆಕ್ಕದವನು ಗೊನೆ ಸರಿಯಾಗಿ ಎಣಿಸ್ತಿದ್ನಾ ಮಿಸ್?” ಎಂದಳು.