ದಾರಿ ತೋರಿದ ಮಂದಣ್ಣ

ಕಾಡಿನ ಪ್ರವಾಸವನ್ನು ಕುರಿತ ಬರಹಗಳಲ್ಲಿ ದಾರಿ ತೋರಿಸಿದವನಿಗೆ ಹೆಸರಿರುವುದು ಅಪರೂಪ. ಹೊರೆ ಅವನದು, ಅಡಿಗೆ ಅವನದು. ಕಂಡದ್ದರ ಕೀರ್ತಿ ಮಾತ್ರ ಬರೆದವರದು. ಅಂಡಮಾನ್ ದ್ವೀಪಗಳ ಅಲೆದಾಟವನ್ನೂ ಬರೆದ ಪೂರ್ಣಚಂದ್ರ ತೇಜಸ್ವಿಯವರು 1980ರ 'ಕರ್ವಾಲೊ' ಕಾದಂಬರಿಯಲ್ಲಿ ಈ ಲೆಕ್ಕವನ್ನು ತಿರುಗಿಸಿದ್ದಾರೆ. ಹಾರುವ ಓತಿಯನ್ನು ಅರಸಿ ಮಲೆನಾಡಿನ ಕಾಡು ಹೊಕ್ಕ ತಂಡಕ್ಕೆ ಮಂದಣ್ಣನೇ ಕಣ್ಣು. ಊರು ದಡ್ಡನೆಂದು ನಗುವ ಅವನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಊರಿನೊಡನೆ ನಕ್ಕ ಓದುಗನಿಗೆ ಆ ನಗೆಯೇ ಮುಳ್ಳಾಗುತ್ತದೆ.

ಕಡೆಗೆ ಓತಿ ಕೈಗೆ ಸಿಕ್ಕದೆ ಕಣಿವೆಗೆ ಹಾರಿಹೋಗುತ್ತದೆ. ಹಣ ಕಟ್ಟಿ ಹೊರಡುವ ಇಂದಿನ ಚಾರಣಿಗರು ಇದನ್ನು ಸೋಲೆಂದಾರು. ನನಗೆ ಕೃತಿಯ ಗೆಲುವು ಇದೇ ಎನಿಸುತ್ತದೆ. ಕಾಡು ಯಾರ ಕರಾರಿಗೂ ಒಳಪಟ್ಟದ್ದಲ್ಲ.

ಆದರೂ ಒಂದು ಕೊರತೆಯನ್ನು ಹೇಳಬೇಕು. ಮಂದಣ್ಣ ಮಾತಾಡುತ್ತಾನೆ, ನಡೆಸುತ್ತಾನೆ. ಆದರೆ ಕಥೆ ಹೇಳುವವನು ಓದುಬಲ್ಲ ರೈತ. ಮಂದಣ್ಣನ ಮನಸ್ಸಿನೊಳಗಿನ ಕಾಡು ನಮಗೆ ಕಾಣದು. ನಮ್ಮ ಹಲಗೇರಿ, ರಾಣೇಬೆನ್ನೂರಿನ ಸೀಮೆಯ ಕುರುಚಲು ಕಾಡಿನಲ್ಲಿ ಕೃಷ್ಣಮೃಗದ ಜಾಡು ಬಲ್ಲ ಕುರಿಗಾಹಿಗಳುಂಟು. ಅಂಥವರು ತಾವೇ ಹೇಳಿದ ಪುಸ್ತಕವೊಂದನ್ನು ಓದುವ ಆಸೆಯನ್ನು 'ಕರ್ವಾಲೊ' ಹುಟ್ಟಿಸುತ್ತದೆ, ಆದರೆ ತೀರಿಸುವುದಿಲ್ಲ.